ಸೋಮವಾರ ಹೂಡದ ಟ್ರ್ಯಾಕ್ಟರ್

ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕಾಗಿ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದಾರೆ. ಅಂಥ ಕಡೆ ಈರಣ್ಣ ತನ್ನ ಪಾಲಿಗೆ ಬಂದ ಜಾಗದಲ್ಲಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ದೊಡ್ಡದೇನಲ್ಲ. ವಿಜಯಪುರದ ಕಡೆ ದ್ರಾಕ್ಷಿ ಸಾಲುಗಳ ನಡುವೆ ಓಡಾಡುವ ಮಿನಿ ಟ್ರ್ಯಾಕ್ಟರ್; ಪಕ್ಕದ ಕಾರಿಗಿಂತ ಗಿಡ್ಡ, ಅಗಲವೂ ಕಡಿಮೆ. ಆದರೂ ಕಾರುಗಳ ಸಾಲಿನಲ್ಲಿ ಅದು ನಿಂತದ್ದು ಮದುವೆ ಮನೆಯ ಪಂಕ್ತಿಯಲ್ಲಿ ಯಾರೋ ಕಂಬಳಿ ಹೊದ್ದು ಊಟಕ್ಕೆ ಕೂತ ಹಾಗೆ ಕಾಣುತ್ತಿತ್ತು. ನನಗೆ ಖುಷಿಯಾಯಿತು. ಆ ಸಾಲಿಗೆ ಅಂಥದ್ದೊಂದು ಬೇಕಿತ್ತು.

ಈರಣ್ಣ ಬೈಕುಲ್ಲಾದ ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ದಲ್ಲಾಳಿಯ ಅಂಗಡಿಯಲ್ಲಿ ದುಡಿದು ವಯಸ್ಸು ಕಳೆದವನು. ಕೆಲಸ ಬಿಟ್ಟ ಮೇಲೆ ಜನ ಕಾಶಿಗೆ ಹೋಗುತ್ತಾರೆ, ಇವನು ಟ್ರ್ಯಾಕ್ಟರ್ ತಂದ. ಗುಡ್ಡದ ಬುಡದ ಬಂಗಲೆಗಳಲ್ಲಿ, ನರ್ಸರಿಗಳಲ್ಲಿ ಕೆಲಸ ಹಿಡಿದ. ಬಿದ್ದ ಮರದ ದಿಮ್ಮಿ ಎಳೆಯುವುದು, ಹಳೇ ಬೇಲಿಯ ಕಂಬ ಕೀಳುವುದು, ಗೊಬ್ಬರ ಸಾಗಿಸುವುದು. ಟ್ರ್ಯಾಕ್ಟರಿಗೆ ಬಸವ ಎಂದು ಹೆಸರಿಟ್ಟು ಮೂತಿಗೆ ವಿಭೂತಿ ಬಳಿದ. ಮಕ್ಕಳ ತಲೆಗೂ ಈ ಮನುಷ್ಯ ಇಷ್ಟು ಎಣ್ಣೆ ಹಚ್ಚಿರಲಿಲ್ಲ ಎಂದು ಅವನ ಹೆಂಡತಿ ದಾನವ್ವ ನನ್ನ ಹತ್ತಿರ ದೂರಿದಳು. ಆದರೆ ಎತ್ತುಗಳ ಹಬ್ಬ ಕಾರಹುಣ್ಣಿಮೆಗೆ ಅದರ ಕೊರಳಿಗೆ, ಅಂದರೆ ದೀಪದ ಕೆಳಗೆ, ಗೆಜ್ಜೆಸರ ಕಟ್ಟಿದವಳೂ ಅವಳೇ.

ಬಸವನಿಗೆ ಒಂದು ನೇಮವಿತ್ತು. ಸೋಮವಾರ ದುಡಿಯುವುದಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಡೀಸೆಲ್ ಕುಡಿಯುವ ಎತ್ತಿಗೆ ಎಂಥ ವಾರವೋ ಎಂದು ನಾನೂ ಕೇಳಿದ್ದೆ. ಹೊಟ್ಟೆಗೆ ಹುಲ್ಲು ಹಾಕಿದರೇನು, ಡೀಸೆಲ್ ಹಾಕಿದರೇನು, ದುಡಿಯುವ ಜೀವಕ್ಕೆ ವಾರದಲ್ಲಿ ಒಂದು ದಿನ ಸುಮ್ಮನೆ ನಿಲ್ಲುವ ಹಕ್ಕಿದೆ ಎಂದು ಈರಣ್ಣ ಹೇಳಿದ. ಜೀವ ಎಂದೇ ಅಂದ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ಬಂದವಳು ನಾನು, ಇನ್ನೊಬ್ಬರ ಮಾತು ತಿದ್ದುವ ಚಟ ಇನ್ನೂ ಹೋಗಿಲ್ಲ. ಆದರೆ ಆ ಮಾತನ್ನು ತಿದ್ದಲಿಲ್ಲ.

ಇನ್ನು ಕಾಂತಪ್ಪನವರು. ಉಡುಪಿ ಕಡೆಯವರು, ಸೊಸೈಟಿಯ ಸೆಕ್ರೆಟರಿ, ಸ್ಟೇಷನ್ ಹತ್ತಿರ ಹೋಟೆಲು. ಈರಣ್ಣ ನನಗೆ ತಮ್ಮನ ಹಾಗೆ, ಅದಕ್ಕೆ ಅವನು ಇವನು ಅನ್ನುತ್ತೇನೆ. ಕಾಂತಪ್ಪನವರಿಗೆ ಬಹುವಚನ ಹಚ್ಚುವುದು ಅವರು ಸೆಕ್ರೆಟರಿ ಎಂದಷ್ಟೇ. ಅವರ ಹೋಟೆಲಿನ ಇಡ್ಲಿ ಚೆನ್ನಾಗಿರುತ್ತದೆ, ಅದನ್ನು ಒಪ್ಪದೆ ವಿಧಿಯಿಲ್ಲ. ಆದರೆ ಅವರ ಪಂಪಿನ ಮೇಲೆ ನನಗೆ ಹಳೆಯ ಸಿಟ್ಟು. ನನ್ನ ಮಲಗುವ ಕೋಣೆಯ ಕೆಳಗೇ ಸೊಸೈಟಿಯ ಪಂಪ್ ರೂಮು. ರಾತ್ರಿಯಾದರೆ ಅಲ್ಲಿಂದ ಗುರ್ರೋ ಎಂಬ ಸದ್ದು. ಎಷ್ಟು ಸಲ ದೂರಿದರೂ ಕಾಂತಪ್ಪನವರು, ಪಂಪು ಹಳೆಯದು ಟೀಚರ್, ನನ್ನ ಹಾಗೆಯೇ, ಎಂದು ನಕ್ಕು ಕಳಿಸುತ್ತಿದ್ದರು. ಪಂಪ್ ರೂಮಿನ ಬೀಗದ ಕೈ ಅವರ ಹತ್ತಿರ ಮಾತ್ರ ಇತ್ತು.

ಈರಣ್ಣನ ಜಾಗ ಆ ಪಂಪ್ ರೂಮಿನ ಪಕ್ಕದ್ದೇ. ಬೆಳಕು ಹರಿಯುವ ಮೊದಲೇ ಎದ್ದು ಅವನು ಬಸವನ ಮೈ ತೊಳೆಯುತ್ತಿದ್ದ. ಅದು ಶುರುವಾದ ತಿಂಗಳಲ್ಲೇ ಕಾಂತಪ್ಪನವರಿಗೆ ಸೊಸೈಟಿಯ ಮರ್ಯಾದೆಯ ಚಿಂತೆ ಹತ್ತಿಕೊಂಡಿತು. ವ್ಯಾಪಾರದ ಗಾಡಿ ಆವರಣದಲ್ಲಿ ಇರಕೂಡದು ಎಂದು ಮೀಟಿಂಗ್ ಕರೆದರು. ಮುಂದಿನ ಸೋಮವಾರ ಟ್ರ್ಯಾಕ್ಟರ್ ಗೇಟು ದಾಟಬೇಕು ಎಂದು ಠರಾವು ಓದಿದರು. ಈರಣ್ಣ ಎದ್ದು ನಿಂತು, ಸೋಮವಾರ ಒಂದು ಬಿಟ್ಟು ಯಾವ ವಾರವಾದರೂ ಬರೆಯಿರಿ ಎಂದು ಕೈಮುಗಿದ. ಉಡುಪಿಯವರಿಗೆ ನಮ್ಮ ಸೋಮವಾರ ಏನು ಗೊತ್ತು? ಈತ ಚೌಕಾಸಿ ಮಾಡುತ್ತಿದ್ದಾನೆ ಎಂದುಕೊಂಡು, ಬರೆದ ವಾರದ ಕೆಳಗೆ ಇನ್ನೊಂದು ಗೆರೆ ಎಳೆದರು. ಕೈಗಳು ಎದ್ದವು. ನನ್ನದು ಏಳಲಿಲ್ಲ, ಅದರಿಂದ ಏನೂ ಬದಲಾಗಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಈರಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟ. ನರ್ಸರಿಯವನು ಜಾಗವಿಲ್ಲ ಅಂದಿದ್ದ, ಬಂಗಲೆಯವರು ಕೇಳುವ ಮೊದಲೇ ಬೇಡ ಅಂದಿದ್ದರು. ಈ ಮುಂಬಯಿಯಲ್ಲಿ ಮನುಷ್ಯ ಹೇಗೋ ನುಸುಳಿಕೊಂಡಾನು, ಟ್ರ್ಯಾಕ್ಟರ್ ಎಲ್ಲಿ ನುಸುಳಬೇಕು?

“ಮಾರೂದ ಬರತೈತಿ ಅಕ್ಕಾ,” ಅಂದ. “ಕೊಟ್ಟು ಬಂದ ಮ್ಯಾಲೆ ನಾ ಮುಂಜಾನೆದ್ದು ಏನ್ ಮಾಡ್ಲಿ?”

 ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ.

ಈಗ ಕಂಬಗಳ ಕಥೆ. ಈರಣ್ಣ ಟ್ರ್ಯಾಕ್ಟರ್ ಹೊರಗೆ ತೆಗೆದರೂ ಮತ್ತೆ ಕದ್ದು ತಂದು ನಿಲ್ಲಿಸಿದರೆ ಎಂಬ ಗುಮಾನಿ ಕಾಂತಪ್ಪನವರಿಗೆ. ಗಡುವು ಹತ್ತಿರ ಬಂದಿತ್ತು. ಶನಿವಾರ ಅವನು ಕೆಲಸಕ್ಕೆ ಹೋಗುವುದು ವಾಡಿಕೆ. ಅವನು ಅತ್ತ ಹೋಗುತ್ತಲೇ ಇತ್ತ ಆ ಜಾಗದ ಬಾಯಿಗೆ ಕಬ್ಬಿಣದ ಕಂಬ ನೆಟ್ಟು ಕಾಂಕ್ರೀಟು ಹಾಕಿಬಿಡಿ, ಬೇಗ ಗಟ್ಟಿಯಾಗುವ ಸಿಮೆಂಟೇ ಇರಲಿ ಎಂದು ಕೂಲಿಯವರಿಗೆ ಹೇಳಿ ಹೋಟೆಲಿಗೆ ನಡೆದರು. ಆ ಶನಿವಾರ ಮಳೆ ಜಡಿಯುತ್ತಿತ್ತು, ಈರಣ್ಣ ಹೊರಡಲಿಲ್ಲ. ಕೂಲಿಯವರು ಬಂದರು. ಕಂಬ ನೆಡಿ ಅಂದಿದ್ದರು, ನೆಟ್ಟರು. ಒಳಗೆ ಟ್ರ್ಯಾಕ್ಟರ್ ಇದ್ದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈರಣ್ಣ ಬಾಲ್ಕನಿಯಲ್ಲಿ ನಿಂತು ಎಲ್ಲವನ್ನೂ ನೋಡಿದ. ತಡೆಯಲಿಲ್ಲ. ಕೂಲಿಯವರ ತಲೆ ನೆನೆಯದಿರಲಿ ಎಂದು ತನ್ನ ತಾಡಪಾಲನ್ನು ಮೇಲೆ ಕಟ್ಟಿಕೊಟ್ಟ. ದಾನವ್ವ ಚುರಮುರಿ ಕಲಸಿ ಚಹಾದೊಂದಿಗೆ ಕಳಿಸಿದಳು. ಸಂಜೆ ಕಾಂತಪ್ಪನವರು ಬಂದು ನೋಡಿದರೆ, ಯಾವುದನ್ನು ಓಡಿಸಬೇಕೆಂದಿದ್ದರೋ ಅದನ್ನೇ ತಮ್ಮ ಕೈಯಾರೆ ಕಟ್ಟಿಹಾಕಿಸಿದ್ದರು. ಕೂಲಿಯವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೊರಟುಹೋಗಿದ್ದರು. ನಾನು ಅವತ್ತು ರಾತ್ರಿ ಪಂಪಿನ ಸದ್ದಿನಲ್ಲೂ ನಗುತ್ತಲೇ ಮಲಗಿದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಭಾನುವಾರ ಸಂಜೆ ಗಾಳಿಯೆದ್ದು ಗೇಟಿನೊಳಗಿನ ದೊಡ್ಡ ಮಳೆಮರ ಅಡ್ಡಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಮರ ಕಡಿಯುವವರು ಬಂದು ಗರಗಸ ಹಚ್ಚಿ, ಕಾಂಡವನ್ನು ದಿಮ್ಮಿಗಳಾಗಿ ಕೊಯ್ದು, ಕೊಯ್ದದ್ದನ್ನು ಅಲ್ಲೇ ಬಿಟ್ಟು ಹೊರಟರು. ಕೊಯ್ಯುವುದಷ್ಟೇ ತಮ್ಮ ಕೆಲಸ, ಸಾಗಿಸುವ ಗಾಡಿ ಬೇರೆ, ಅದು ಬರುವ ದಿನ ತಮಗೆ ಗೊತ್ತಿಲ್ಲ ಅಂದರು. ಒಂದೊಂದು ದಿಮ್ಮಿ ನನ್ನ ಸೊಂಟದೆತ್ತರ. ಗೇಟಿನ ಬಾಯಿ ತುಂಬ ಅವೇ.

ಸೋಮವಾರ ಬೆಳಗಾಗುವ ಮೊದಲೇ ಅರ್ಧ ಸೊಸೈಟಿ ಅಲ್ಲಿ ನೆರೆದಿತ್ತು. ಮರ ನಿಂತಿದ್ದಾಗ ಒಬ್ಬರೂ ತಲೆಯೆತ್ತಿ ನೋಡಿದವರಲ್ಲ, ಬಿದ್ದ ಮೇಲೆ ಎಲ್ಲರಿಗೂ ಅದರ ಜೊತೆ ಫೋಟೋ ಬೇಕು. ಲೋಕಲ್ ರೈಲು ಹಿಡಿಯುವವರು ಬ್ಯಾಗನ್ನು ಎದೆಗವಚಿಕೊಂಡು ದಿಮ್ಮಿ ಹತ್ತಿ ಇಳಿದು ಹೋದರು. ಗಂಟೆಗಟ್ಟಲೆ ನೇತಾಡಿ ಪ್ರಯಾಣ ಮಾಡುವ ಜನಕ್ಕೆ ಒಂದು ದಿಮ್ಮಿ ಏನು ಲೆಕ್ಕ? ಉಳಿದವರು ನನ್ನಂಥ ಕೆಲಸವಿಲ್ಲದವರು. ನಾವು ಕೂತೆವು.

ಕಾಂತಪ್ಪನವರು ಮಾತ್ರ ಪಂಪ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತವರು ಕದಲಲಿಲ್ಲ. ಮಳೆ ಬರುತ್ತದೆ, ಶೀತವಾಗುತ್ತದೆ, ಮನೆಗೆ ಹೋಗಿ ಎಂದು ಎಲ್ಲರಿಗೂ ಬುದ್ಧಿ ಹೇಳಿದರು. ಅವರ ಹೋಟೆಲಿನ ಟೆಂಪೋ ರಸ್ತೆಯಲ್ಲಿ ಬಂದು ನಿಂತು, ದಿಮ್ಮಿ ನೋಡಿ, ಹಾರನ್ ಹೊಡೆದು, ಅವರು ಕೈಬೀಸಿದ ಮೇಲೆ ದೂರ ಸರಿಯಿತು. ಹೊತ್ತೇರಿದಂತೆ ಮೋಡ ಹರಿದು ಧಗೆ ಶುರುವಾಯಿತು. ಅವರ ಬನಿಯನ್ ಬೆನ್ನಿಗೆ ಅಂಟಿತ್ತು.

ಎರಡನೆಯ ಮಹಡಿಯ ಲಾವಣ್ಯಾ ಮನೆಯಿಂದಲೇ ಆಫೀಸ್ ಕೆಲಸ ಮಾಡುವ ಹುಡುಗಿ. ಇಲ್ಲೇ ಹುಟ್ಟಿದವಳು, ಅವಳ ಕನ್ನಡ ಎಡವಿ ಎಡವಿ ನಡೆಯುತ್ತದೆ. ಅವಳು ಬಂದು ಕಾಂತಪ್ಪನವರ ಕಾಲ ಬಳಿ ಬೆರಳು ತೋರಿಸಿದಳು.

“ಅಂಕಲ್, ನಿಮ್ಮ ಪಂಪ್‌ನಿಂದ ಸಫೇದ್ ಏನೋ ಬರ್ತಾ ಇದೆ.”

ಬಾಗಿಲ ಸಂದಿಯಿಂದ ಬೆಳ್ಳಗಿನದೇನೋ ಗುಳ್ಳೆಗುಳ್ಳೆಯಾಗಿ, ಯಾವ ಅವಸರವೂ ಇಲ್ಲದೆ, ಹೊರಗೆ ಬರುತ್ತಿತ್ತು. ಟ್ಯಾಂಕಿಗೆ ಬಳಿಯುವ ಸುಣ್ಣ ಎಂದು ಕಾಂತಪ್ಪನವರು ಚಪ್ಪಲಿಯಿಂದ ಅದನ್ನು ಒಳಗೆ ತಳ್ಳಿದರು. ಅದು ಮತ್ತೆ ಬಂತು. ನಾನು ಬಗ್ಗಿ ಬೆರಳಿಗೆ ಒಂದಿಷ್ಟು ತೆಗೆದುಕೊಂಡು ಮೂಸಿದೆ. ಹುಟ್ಟಿದಾಗಿನಿಂದ ಉದ್ದು ನೆನೆಸಿದವಳಿಗೆ ಇಡ್ಲಿ ಹಿಟ್ಟಿನ ವಾಸನೆ ಯಾರೂ ಹೇಳಿಕೊಡಬೇಕಿಲ್ಲ.

ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಹೋಟೆಲಿನಲ್ಲಿ ಜಾಗ ಸಾಲದೆ ಗ್ರೈಂಡರನ್ನು ನಮ್ಮ ಪಂಪ್ ರೂಮಿನಲ್ಲಿ ಇಟ್ಟಿದ್ದಾರೆ. ರಾತ್ರಿ ಅರೆಯುವುದು, ಬೆಳಕು ಹರಿಯುವ ಮೊದಲು ಟೆಂಪೋ ಬಾಗಿಲಿಗೆ ಹಚ್ಚಿ ಡ್ರಮ್ಮುಗಳನ್ನು ಸಾಗಿಸುವುದು. ಅದೇ ಹೊತ್ತಿಗೆ ಎದ್ದು ಬಸವನ ಮೈ ತೊಳೆಯುವ ಈರಣ್ಣ ಅವರಿಗೆ ಕಣ್ಣಿನ ಕಸವಾದದ್ದು ಅದಕ್ಕೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಸರಿ, ಆದರೆ ಉದ್ದಿನ ಜೊತೆ ನನ್ನ ನಿದ್ದೆಯನ್ನೂ ಅರೆದಿದ್ದರಲ್ಲ! ಈಗ ಇಷ್ಟು ಜನರ ಎದುರು ಆ ಡ್ರಮ್ಮುಗಳನ್ನು ಹೊರತರುವ ಹಾಗಿಲ್ಲ. ತಂದರೂ ಜಾರುವ ದಿಮ್ಮಿಗಳ ಮೇಲೆ ಹತ್ತಿಸುವ ಹಾಗಿಲ್ಲ. ಧಗೆಗೆ ಹಿಟ್ಟು ಉಬ್ಬುತ್ತಿದೆ. ನಾನು ಕೂಗಲು ಬಾಯಿ ತೆರೆದೆ. ದಾನವ್ವ ನನ್ನ ಮುಂಗೈ ಹಿಡಿದಳು.

“ತಡೀರಿ ಅಕ್ಕಾ,” ಎಂದು ಕಿವಿಯಲ್ಲಿ ಹೇಳಿದಳು. “ಇನ್ನೂ ಒಂದೀಟು ಉಬ್ಬಲಿ.”

ಅವಳಿಗೆ ಎಂದಿನಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ. ಅವಳ ಕಣ್ಣಲ್ಲೇ ಉತ್ತರವಿತ್ತು.

ಕಡೆಗೆ ಕಾಂತಪ್ಪನವರು ಬಾಗಿಲು ಬಿಟ್ಟು ಈರಣ್ಣನ ಹತ್ತಿರ ಹೋದರು. ಅವನು ಕಂಬಗಳ ಆಚೆ, ಟ್ರ್ಯಾಕ್ಟರಿನ ಪಕ್ಕ ಸ್ಟೂಲು ಹಾಕಿಕೊಂಡು, ಸ್ನಾನ ಮಾಡಿ ಹಣೆ ತುಂಬ ವಿಭೂತಿ ಹಚ್ಚಿ ಕೂತಿದ್ದ. ಸೆಕ್ರೆಟರಿಯವರು ಗಂಟಲು ಸರಿಮಾಡಿಕೊಂಡು, ಸೊಸೈಟಿಯ ಹಿತದೃಷ್ಟಿಯಿಂದ ದಿಮ್ಮಿಗಳನ್ನು ಕೂಡಲೇ ಸರಿಸತಕ್ಕದ್ದು ಎಂದು ನೋಟಿಸಿನ ಭಾಷೆಯಲ್ಲಿ ಹೇಳಿದರು. ಇವತ್ತು ಸೋಮವಾರ ಎಂದು ಈರಣ್ಣ ವಿನಯದಿಂದ ನೆನಪಿಸಿದ. ಠರಾವಿನ ಪ್ರಕಾರ ಇವತ್ತು ಟ್ರ್ಯಾಕ್ಟರ್ ಹೊರಗೆ ಹೋಗಲೇಬೇಕಲ್ಲ ಎಂದರೆ, ಹೌದು, ಹೋಗಬೇಕು, ಆದರೆ ನೀವೇ ನೆಟ್ಟ ಕಂಬಗಳಿವೆ, ಆಚೆ ದಿಮ್ಮಿಗಳಿವೆ, ಮೇಲೆ ಬಸವಣ್ಣನ ವಾರ, ನಾನೊಬ್ಬ ಏನು ಮಾಡಲಿ ಎಂದು ಕೈ ಮೇಲೆತ್ತಿದ. ಸುತ್ತ ನಿಂತವರು ನಕ್ಕರು. ಕಾಂತಪ್ಪನವರು ಪಂಪ್ ರೂಮಿನ ಕಡೆ ಒಮ್ಮೆ ತಿರುಗಿ ನೋಡಿದರು. ಬಿಳಿಯದು ಮೆಟ್ಟಿಲು ಇಳಿಯುತ್ತಿತ್ತು.

ಆಗ ದಾನವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಒಂದ ಹಾದಿ ಐತ್ರಿ,” ಅಂದಳು. “ಗಾಡಿ ಕೆಸರಾಗ ಸಿಕ್ಕಿತಂದ್ರ ನಮ್ಮೂರಾಗ ಸೋಮವಾರಾನೂ ಎತ್ತು ಹೂಡತಾರ. ಆದರ ಗಾಡಿ ಸಿಕ್ಕವನ ಬಂದು ಬಾಯಿಬಿಟ್ಟು ಕೇಳಬೇಕು. ಊರಗೌಡ ಹುಕುಂ ಮಾಡಿದ್ರ ನಡಿಯಂಗಿಲ್ಲ.”

ಯಾರ ಗಾಡಿ ಸಿಕ್ಕಿದೆ ಎಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಕಾರುಗಳು ಒಳಗೇ ಇದ್ದವು, ಆದರೆ ಅವಸರದ್ದು ಯಾರದ್ದೂ ಇರಲಿಲ್ಲ. ಲೋಕಲ್‌ನವರು ಲೋಕಲ್ ಹಿಡಿದಿದ್ದರು, ಹಾಲು ಬಂದಿತ್ತು. ಕಾಂತಪ್ಪನವರು ನೆಲ ನೋಡುತ್ತಿದ್ದರು. ಅವರ ಹೆಂಡತಿ ಅಕ್ಕು ಮನೆಯಿಂದ ಇಳಿದು ಬಂದಿದ್ದವರು, ಗಂಡನ ಪಕ್ಕ ನಿಂತು ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿದರು. ನನಗೆ ತುಳು ಬರುವುದಿಲ್ಲ. ಆದರೆ ಹೆಂಡತಿ ಆ ದನಿಯಲ್ಲಿ ಹೇಳುವ ಮಾತಿಗೆ ಎಲ್ಲ ಭಾಷೆಯಲ್ಲೂ ಒಂದೇ ಅರ್ಥ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳಲಿಲ್ಲ.

“ನನ್ನದೇ ಸಿಕ್ಕಿದ್ದು ಈರಣ್ಣ. ಅಲ್ಲಿ ಒಳಗೆ ನನ್ನ ಹೋಟೆಲಿನ ಹಿಟ್ಟು ಉಂಟು. ಉಕ್ಕಿ ಹೋಗ್ತಾ ಉಂಟು. ಬೆಳಗಿನಿಂದ ಬಂದವರಿಗೆಲ್ಲ ಹೋಟೆಲಿನ ಹುಡುಗರು ಇಡ್ಲಿ ಇಲ್ಲ ಅಂತ ಹೇಳಿ ಕಳಿಸಿದ್ದಾರೆ. ಸ್ವಲ್ಪ ದಾರಿ ಮಾಡಿಕೊಡಿ.”

ಜನ ಹೋ ಎನ್ನಬಹುದಿತ್ತು. ಯಾರೂ ಅನ್ನಲಿಲ್ಲ. ಬೈಯಲು ಬಾಯಿ ತುಂಬ ಮಾತು ಕೂಡಿಹಾಕಿಕೊಂಡಿದ್ದ ನಾನೂ, ಆ ಬರಿಗಣ್ಣಿನ ಮುಖ ನೋಡಿ ಬೈಗುಳವನ್ನೆಲ್ಲ ಅಲ್ಲೇ ಬಿಟ್ಟೆ. ಬಹುವಚನವನ್ನು ಆಗ ಮನಸ್ಸಿನಿಂದಲೇ ಕೊಟ್ಟೆ.

ಈರಣ್ಣ ಎದ್ದು, ಬಸವನ ಮೂತಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಚಾವಿ ತಿರುಗಿಸಿದ.

ಮೊದಲು ಕಂಬಗಳು. ಟ್ರ್ಯಾಕ್ಟರಿನ ಮುಂದೆ ಗೋಡೆಯವರೆಗೆ ಇದ್ದದ್ದು ಗೇಣು ಜಾಗ ಅನ್ನಬೇಕು. ಅವನು ಕಂಬದ ಬುಡಕ್ಕೆ ಸರಪಳಿ ಬಿಗಿದ, ಪಕ್ಕದಲ್ಲಿ ಹಳೆಯದೊಂದು ಚಕ್ರವನ್ನು ನಿಲ್ಲಿಸಿ ಸರಪಳಿಯನ್ನು ಅದರ ನೆತ್ತಿಯ ಮೇಲೆ ಹಾಯಿಸಿ ಟ್ರ್ಯಾಕ್ಟರಿನ ಹಿಂದಕ್ಕೆ ಸಿಕ್ಕಿಸಿದ. ಬಸವ ತುಸು ಮುಂದೆ ಸರಿದರೆ ಸಾಕು, ಚಕ್ರ ಉರುಳುತ್ತ ಸರಪಳಿಯನ್ನು ಮೇಲಕ್ಕೆತ್ತುತ್ತಿತ್ತು. ಕಂಬ ಕಾಂಕ್ರೀಟಿನ ಗಡ್ಡೆ ಸಮೇತ ಮೂಲಂಗಿಯ ಹಾಗೆ ಎದ್ದು ಬಂತು. ಒಂದೊಂದು ಎದ್ದಾಗಲೂ ಲಾವಣ್ಯಾ ಚಪ್ಪಾಳೆ ತಟ್ಟಿದಳು. ಕೊನೆಯದಕ್ಕೆ ಚಕ್ರ ಜಾರದ ಹಾಗೆ ಹಿಡಿದುಕೊಂಡವರು ಕಾಂತಪ್ಪನವರು. ಅವರೇ ನೆಡಿಸಿದ ಕಂಬ, ಅವರೇ ಹಿಡಿಯಲಿ.

ಆಮೇಲೆ ದಿಮ್ಮಿಗಳು. ಒಂದೊಂದಕ್ಕೂ ಸರಪಳಿ ಸುತ್ತಿ, ಮುಂತುದಿಯನ್ನು ನೆಲದಿಂದ ಒಂಚೂರು ಎತ್ತಿ, ಸಣ್ಣ ಗೇರಿನಲ್ಲಿ, ಅವಸರ ಮಾಡದೆ ಎಳೆದ. ಸರಪಳಿ ಹರಿದರೆ ಕಾಲು ಹೋಗುತ್ತದೆ ಎಂದು ನಮ್ಮನ್ನೆಲ್ಲ ದೂರ ನಿಲ್ಲಿಸಿದ. ತಲೆಗೆ ಬೈತಲೆ ತೆಗೆದ ಹಾಗೆ ಗೇಟಿನ ನಡುವೆ ಜಾಗವಾಯಿತು. ಟೆಂಪೋ ಒಳಗೆ ಬಂದು ಎಲ್ಲರ ಎದುರೇ ಪಂಪ್ ರೂಮಿನ ಬಾಗಿಲಿಗೆ ಹಚ್ಚಿ ನಿಂತಿತು. ಡ್ರಮ್ಮುಗಳು ಹೊರಬಂದವು. ಅಕ್ಕು ಅಕ್ಕ ಒಳಹೊಕ್ಕು ನೆಲ ತೊಳೆದರು, ದಾನವ್ವ ನೀರು ಹೊಯ್ದಳು. ತುಂಬಿದ ಟೆಂಪೋ ಹೊರಟುಹೋಯಿತು. ನಾನು ಒಳಗೆ ಇಣುಕಿ ನೋಡಿದೆ. ಒದ್ದೆ ನೆಲ, ಪಂಪು, ಗ್ರೈಂಡರು. ಮತ್ತೇನೂ ಇರಲಿಲ್ಲ.

ಈರಣ್ಣ ಕೊನೆಯ ದಿಮ್ಮಿಯನ್ನು ಎಳೆದುಕೊಂಡು ಗೇಟು ದಾಟಿ ಹೋಗಿದ್ದ. ಅದನ್ನು ರಸ್ತೆಯ ಬದಿ ಬಿಡಿಸಿ, ಸರಪಳಿ ಸುತ್ತಿ ಸೀಟಿನ ಹಿಂದೆ ಇಟ್ಟ. ಆದರೆ ಒಳಗೆ ತಿರುಗಿಸಲಿಲ್ಲ. ಗೇಟಿನ ಹೊರಗೇ ನಿಂತ, ಎಂಜಿನ್ ಓಡುತ್ತಲೇ ಇತ್ತು. ವಾಚ್‌ಮನ್ ಗೇಟಿನ ಮೇಲೆ ಕೈಯಿಟ್ಟು, ಹಾಕಲೋ ಬಿಡಲೋ ತಿಳಿಯದೆ ನಮ್ಮ ಕಡೆ ನೋಡಿದ.  ಈರಣ್ಣ ಮಾತಿಗೆ ತಪ್ಪದವನು. ಸೋಮವಾರ ಹೊರಗೆ ಹೋಗಬೇಕು ಎಂದು ಹತ್ತು ಜನ ಕೈಯೆತ್ತಿದ್ದರು, ಬಸವ ಈಗ ಹೊರಗಿದ್ದ. ಒಳಗೆ ಬಿಡಿ ಎಂದು ಅವನು ಕೇಳುವವನಲ್ಲ.

“ನಿಮ್ಮ ಠರಾವು ಮುಗೀತ್ರಿ,” ಎಂದ, ಕಾಂತಪ್ಪನವರಿಗೆ. “ಗೇಟ್ ಹಾಕ್ಕೋರಿ.”

ದಾನವ್ವ ನನ್ನ ಪಕ್ಕ ನಿಂತಿದ್ದಳು. ಬೆಳಗಿನಿಂದ ನಗುತ್ತಿದ್ದ ಹೆಂಗಸು, ಈಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. 

ಕಾಂತಪ್ಪನವರು ಲುಂಗಿ ಎತ್ತಿ ಕಟ್ಟಿ ಗೇಟಿನ ತನಕ ನಡೆದರು. ವಾಚ್‌ಮನ್ನಿನ ಕೈಯನ್ನು ಗೇಟಿನಿಂದ ತೆಗೆಸಿದರು. ಟ್ರ್ಯಾಕ್ಟರಿನ ಎದುರು ನಿಂತು ಪಂಪ್ ರೂಮಿನ ಕಡೆ ತೋರಿಸಿದರು.

“ಎಲ್ಲಿ ಮುಗೀತು ಮಾರಾಯ್ರೆ? ಟೆಂಪೋ ಹೋಯ್ತು. ಒಳಗೆ ಇನ್ನೂ ಎರಡು ಡ್ರಮ್ ಉಂಟು. ಅದನ್ನು ಯಾರು ಸಾಗಿಸುವುದು?”

 ಈರಣ್ಣ ಟ್ರ್ಯಾಕ್ಟರನ್ನು ಒಳಗೆ ತಂದು, ತನ್ನ ಜಾಗದಲ್ಲಿ, ಕಂಬ ಕಿತ್ತ ಗುಂಡಿಗಳನ್ನು ತಪ್ಪಿಸಿ ನಿಲ್ಲಿಸಿ ಇಳಿದ. ಪಂಪ್ ರೂಮಿನ ಬಾಗಿಲು ತಳ್ಳಿ ಒಳಗೆ ನೋಡಿದ. ನಾನು ಅವನ ಹಿಂದೆಯೇ ಇದ್ದೆ. ಒದ್ದೆ ನೆಲ, ಪಂಪು, ಗ್ರೈಂಡರು. ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

“ಹೌದ್ರಿ, ಎರಡ ಅದಾವು,” ಎಂದ ಗಟ್ಟಿಯಾಗಿ. “ಇವತ್ತ ಸೋಮವಾರ. ನಾಳಿ ಒಯ್ದರಾತು.”

ಗ್ರೈಂಡರ್ ಈಗ ರಾತ್ರಿ ನಾನು ಮಲಗುವ ಮೊದಲೇ ನಿಲ್ಲುತ್ತದೆ, ಆ ಮಾತನ್ನು ಕಾಂತಪ್ಪನವರಿಂದ ನಾನೇ ಹೊರಡಿಸಿದ್ದು. ಇನ್ನು ಮೀಟಿಂಗಿನಲ್ಲಿ ಹೊಸಬರು ಯಾರಾದರೂ ಎದ್ದು, ಆ ಟ್ರ್ಯಾಕ್ಟರ್ ಯಾವಾಗ ಹೊರಗೆ ಹೋಗುತ್ತದೆ ಎಂದು ಕೇಳುತ್ತಾರೆ. ಕಾಂತಪ್ಪನವರು ಕನ್ನಡಕ ಏರಿಸಿಕೊಂಡು, ಠರಾವು ಆಗಿದೆ, ಹೋಗಲೇಬೇಕು, ಆದರೆ ಒಳಗೆ ಇನ್ನೂ ಎರಡು ಡ್ರಮ್ ಉಂಟು ಎಂದು ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಾರೆ.